ಹೌದು ಅನ್ನುವುದು ಸುಲಭ, ಇಲ್ಲ ಅನ್ನುವುದು ಕಷ್ಟ: ಕನ್ನಡದಲ್ಲೊಂದು ಥಿಯರಂ ಪ್ರೂವರ್ ಕಟ್ಟಿದ ಲಾಗ್

ಪೈಥಾನ್‌ನಲ್ಲಿ ಒಂದು ಪುಟ್ಟ ಥಿಯರಂ ಪ್ರೂವರ್ ಬರೆದಿದ್ದೇನೆ. ಒಂದಷ್ಟು ಸಂಗತಿ, ಒಂದಷ್ಟು ನಿಯಮ, ಕೊನೆಗೆ ಒಂದು ಮಾತು ಕೊಡಬೇಕು. ಕೊಟ್ಟ ಸಂಗತಿಗಳಿಂದ ಆ ಮಾತು ಹೊರಡುತ್ತದೆಯೇ ಅಂತ ಅದು ಹುಡುಕುತ್ತದೆ. ಹೊರಟರೆ ದಾರಿಯನ್ನು ಹೆಜ್ಜೆ ಹೆಜ್ಜೆಯಾಗಿ ಪ್ರಿಂಟ್ ಮಾಡುತ್ತದೆ. ಒಳಗಿರುವುದು ಫಸ್ಟ್ ಆರ್ಡರ್ ಪ್ರೆಡಿಕೇಟ್ ಲಾಜಿಕ್: ‘ಎಲ್ಲರೂ’, ‘ಯಾರೋ ಒಬ್ಬರು’, ‘ಮತ್ತು’, ‘ಅಥವಾ’, ‘ಅಲ್ಲ’, ‘ಹೀಗಿದ್ದರೆ ಹಾಗೆ’. ಇಷ್ಟೇ ಸಾಮಾನು.

ವ್ಯಾಂಪೈರ್, ಇ, ಪ್ರೂವರ್9 ತರಹದ ಪ್ರೂವರ್‌ಗಳು ಎಷ್ಟೋ ವರ್ಷದಿಂದ ಇವೆ. ಅವುಗಳ ಮುಂದೆ ನನ್ನದು ಆಟಿಕೆ. ಆದರೂ ಒಳಗೆ ಏನು ನಡೆಯುತ್ತದೆ ಅಂತ ಕೈಯಾರೆ ಬಿಚ್ಚಿ ನೋಡಬೇಕಿತ್ತು. ಜೊತೆಗೆ ಒಂದು ಶರತ್ತು ಹಾಕಿಕೊಂಡೆ. ಇನ್‌ಪುಟ್, ಔಟ್‌ಪುಟ್ ಎರಡೂ ಕನ್ನಡದಲ್ಲೇ ಇರಬೇಕು.

ಓದುವ ಭಾಗ

ಲಾಜಿಕ್ ಶುರುವಾಗುವ ಮೊದಲೇ ಲಿಪಿಯ ತಕರಾರು ಶುರು. ಪ್ರೊಲಾಗ್ ಅನ್ನುವ ಲಾಜಿಕ್ ಭಾಷೆಯಲ್ಲಿ ದೊಡ್ಡಕ್ಷರದಿಂದ ಶುರುವಾದರೆ ವೇರಿಯಬಲ್ (ಯಾರು ಬೇಕಾದರೂ ಬಂದು ಕೂರಬಹುದಾದ ಖಾಲಿ ಜಾಗ), ಚಿಕ್ಕಕ್ಷರದಿಂದ ಶುರುವಾದರೆ ಹೆಸರು. ಕನ್ನಡದಲ್ಲಿ ದೊಡ್ಡದು ಚಿಕ್ಕದು ಅಂತ ಇಲ್ಲವಲ್ಲ. ಹಾಗಾಗಿ ವೇರಿಯಬಲ್ ಮುಂದೆ ಪ್ರಶ್ನೆ ಚಿಹ್ನೆ ಇಟ್ಟೆ: ?ಕ, ?ಗ, ?ಚ. ಉಳಿದದ್ದೆಲ್ಲ ಹೆಸರು. ನಾನು ಟೈಪ್ ಮಾಡುವ ಸಾಲು ಹೀಗಿರುತ್ತದೆ:

ಎಲ್ಲಾ ?ಕ, ಇದೆ ?ಗ: ತಾಯಿ(?ಗ, ?ಕ)

ಮೊದಲು ಬರುವುದು ತಾಯಿ, ಆಮೇಲೆ ಬರುವುದು ಮಗು. ‘ಪ್ರತಿಯೊಬ್ಬರಿಗೂ ಒಬ್ಬ ತಾಯಿ ಇದ್ದಾಳೆ’ ಅಂತ ಅರ್ಥ.

ಈ ಸಾಲನ್ನು ತುಂಡು ಮಾಡಲು ಪೈಥಾನ್ ಜೊತೆಗೆ ಬರುವ ರೆಗ್ಯುಲರ್ ಎಕ್ಸ್‌ಪ್ರೆಷನ್ (ಬರಹದಲ್ಲಿ ಮಾದರಿ ಹುಡುಕುವ ಸಾಧನ) ಬಳಸಿದರೆ ತಮಾಷೆ ನಡೆಯುತ್ತದೆ. ಅದರಲ್ಲಿ ‘ಪದದ ಅಕ್ಷರ’ ಅನ್ನುವುದಕ್ಕೆ ಒಂದು ಗುರುತಿದೆ. ಆ ಲೆಕ್ಕದಲ್ಲಿ ನಮ್ಮ ಸ್ವರ ಚಿಹ್ನೆಗಳು ಅಕ್ಷರಗಳೇ ಅಲ್ಲ. ‘ತಾಯಿ’ ಕೊಟ್ಟರೆ ‘ತ’, ‘ಯ’ ಅಂತ ಎರಡು ತುಂಡು ಕೈಗೆ ಬರುತ್ತವೆ. ‘ಅಜ್ಜಿ’ ಅಜ, ಜ ಆಗುತ್ತಾಳೆ. ಆದ್ದರಿಂದ ಆ ಗುರುತನ್ನೇ ಬಿಟ್ಟು, ಬ್ರ್ಯಾಕೆಟ್, ಕಾಮಾ, ಕೋಲನ್ ಅಥವಾ ಖಾಲಿ ಜಾಗ ಸಿಗುವವರೆಗೂ ಎಲ್ಲವೂ ಒಂದೇ ಹೆಸರು ಅಂತ ಓದುವ ಹಾಗೆ ಮಾಡಿದೆ. ವಿಚಿತ್ರ ಅಂದರೆ ಪೈಥಾನ್ ಪ್ರೋಗ್ರಾಂನಲ್ಲಿ ವೇರಿಯಬಲ್ ಹೆಸರನ್ನೇ ‘ಅಜ್ಜಿ’ ಅಂತ ಇಡಬಹುದು, ಅದಕ್ಕೆ ಯಾವ ತಕರಾರೂ ಇಲ್ಲ. ಒಂದೇ ಭಾಷೆಯೊಳಗೆ ಎರಡು ನಿಯಮ.

ಇದಕ್ಕಿಂತ ಮೋಸದ್ದು ಇನ್ನೊಂದಿದೆ. ಯೂನಿಕೋಡ್‌ನಲ್ಲಿ ‘ಲೋಕೇಶ’ದ ‘ಲೋ’ವನ್ನು ಒಂದೇ ಸ್ವರ ಚಿಹ್ನೆಯಾಗಿಯೂ ಬರೆಯಬಹುದು, ಬಿಡಿ ಚಿಹ್ನೆಗಳನ್ನು ಜೋಡಿಸಿಯೂ ಬರೆಯಬಹುದು. ಪರದೆ ಮೇಲೆ ಎರಡೂ ಒಂದೇ. ಪ್ರೋಗ್ರಾಂಗೆ ಮಾತ್ರ ಇಬ್ಬರು ಬೇರೆ ಬೇರೆ ಲೋಕೇಶರು. ಎಲ್ಲ ಸರಿಯಿದ್ದರೂ ಪುರಾವೆ ಸಿಗುವುದಿಲ್ಲ, ಯಾಕೆ ಅಂತ ಕಣ್ಣಿಗೂ ಕಾಣುವುದಿಲ್ಲ. ಓದಿದ ಪ್ರತಿ ಹೆಸರನ್ನೂ ಮೊದಲೇ ಎನ್‌ಎಫ್‌ಸಿ ಅನ್ನುವ, ಬಿಡಿ ಚಿಹ್ನೆಗಳನ್ನು ಕೂಡಿಸಿ ಬರೆಯುವ ಯೂನಿಕೋಡ್‌ನ ನಿಗದಿತ ರೂಪಕ್ಕೆ ತಂದುಬಿಟ್ಟರೆ ಈ ಕಾಟ ಇಲ್ಲ. ಕೆಲವು ಕೀಬೋರ್ಡ್‌ಗಳು ‘ರಮೇಶ್’ ತರಹದ ಹೆಸರಿನ ಕೊನೆಗೆ ಕಣ್ಣಿಗೆ ಕಾಣದ ಜೋಡಣೆ ತಡೆಯನ್ನು ಸೇರಿಸಿರುತ್ತವೆ. ಎನ್‌ಎಫ್‌ಸಿ ಅದನ್ನು ತೆಗೆಯುವುದಿಲ್ಲ, ನಾವೇ ಕತ್ತರಿಸಬೇಕು.

‘ಇದೆ’ಯನ್ನು ಕಿತ್ತುಹಾಕುವುದು

ಪ್ರೂವರ್‌ಗೆ ಬೇಕಾದದ್ದು ಬರೀ ‘ಅಥವಾ’ಗಳಿಂದ ಜೋಡಿಸಿದ ಚಪ್ಪಟೆ ಸಾಲುಗಳು. ಇವನ್ನು ಕ್ಲಾಝ್ ಅನ್ನುತ್ತಾರೆ. ‘ಹೀಗಿದ್ದರೆ ಹಾಗೆ’ಯನ್ನು ‘ಹೀಗಲ್ಲ ಅಥವಾ ಹಾಗೆ’ ಅಂತ ಬದಲಾಯಿಸಬೇಕು. ‘ಅಲ್ಲ’ಗಳನ್ನು ಒಳಗೆ ತಳ್ಳಬೇಕು. ಇದೆಲ್ಲ ಯಾಂತ್ರಿಕ ಕೆಲಸ, ಬರೆದುಕೊಂಡು ಹೋದರೆ ಆಗುತ್ತದೆ.

ಸ್ವಾರಸ್ಯ ಇರುವುದು ‘ಇದೆ’ಯಲ್ಲಿ. ಅದನ್ನು ತೆಗೆದುಹಾಕುವ ಉಪಾಯಕ್ಕೆ ನಾರ್ವೆಯ ಗಣಿತಜ್ಞ ತೊರಾಲ್ಫ್ ಸ್ಕೋಲೆಮ್ ಹೆಸರಿದೆ. ಪ್ರತಿಯೊಬ್ಬರಿಗೂ ತಾಯಿ ಇದ್ದಾಳೆ ಅಂದಮೇಲೆ, ವ್ಯಕ್ತಿ ಕೊಟ್ಟರೆ ತಾಯಿಯನ್ನು ತಂದುಕೊಡುವ ಒಂದು ಫಂಕ್ಷನ್ ಇದೆ ಅಂತ ಇಟ್ಟುಕೊಳ್ಳಿ. ಅದಕ್ಕೆ ಪ್ರೋಗ್ರಾಂ ಒಂದು ಹೊಸ ಹೆಸರು ಹುಟ್ಟಿಸುತ್ತದೆ, ಸ1 ಅಂತ:

ತಾಯಿ(ಸ1(?ಕ), ?ಕ)

‘ಇದೆ’ ಮಾಯ. ‘ಎಲ್ಲಾ’ವನ್ನು ಬರೆಯುವ ಅಗತ್ಯವೂ ಇಲ್ಲ, ಉಳಿದ ವೇರಿಯಬಲ್‌ಗಳೆಲ್ಲ ‘ಎಲ್ಲಾ’ ಅಂತಲೇ ಲೆಕ್ಕ. ‘ಇದೆ’ಯ ಹೊರಗೆ ಯಾವ ‘ಎಲ್ಲಾ’ ಇದೆಯೋ ಅದರ ವೇರಿಯಬಲ್ ಫಂಕ್ಷನ್ನಿನ ಒಳಗೆ ಹೋಗಬೇಕು. ಹೊರಗೆ ಏನೂ ಇಲ್ಲದಿದ್ದರೆ ಸುಮ್ನೆ ಒಂದು ಹೆಸರು ಸಾಕು. ಈ ಒಂದು ನಿಯಮದ ಮೇಲೆ ಎಷ್ಟು ಭಾರ ಇದೆ ಅಂತ ಮುಂದೆ ಗೊತ್ತಾಗುತ್ತದೆ.

ಯೂನಿಫಿಕೇಷನ್: ಇಡೀ ಗಾಡಿಯ ಎಂಜಿನ್

ಎರಡು ಪದಗುಚ್ಛಗಳನ್ನು ಒಂದೇ ಆಗುವ ಹಾಗೆ ಮಾಡಲು ವೇರಿಯಬಲ್‌ಗಳಿಗೆ ಏನು ಕೊಡಬೇಕು? ಇದನ್ನು ಹುಡುಕುವುದೇ ಯೂನಿಫಿಕೇಷನ್. 1965ರಲ್ಲಿ ಜೆ. ಎ. ರಾಬಿನ್ಸನ್ ಇದನ್ನು ರೆಸಲ್ಯೂಷನ್ (ಪುರಾವೆಯ ನಿಯಮ, ಮುಂದೆ ಬರುತ್ತದೆ) ಜೊತೆ ಸೇರಿಸಿ ಕೊಟ್ಟರು. ಕೋಡ್ ಒಂದು ಪರದೆಯಲ್ಲಿ ಹಿಡಿಸುತ್ತದೆ. ಎರಡೂ ಕಡೆ ಒಂದೇ ಇದ್ದರೆ ಮುಂದೆ ಹೋಗು. ಒಂದು ಕಡೆ ವೇರಿಯಬಲ್ ಇದ್ದರೆ ಇನ್ನೊಂದು ಕಡೆಯದನ್ನು ಅದಕ್ಕೆ ಕಟ್ಟು. ಎರಡೂ ಫಂಕ್ಷನ್ ಆಗಿದ್ದರೆ ಹೆಸರು ಹೊಂದುತ್ತದಾ ನೋಡಿ ಒಳಗೆ ಇಳಿ. ಇಲ್ಲದಿದ್ದರೆ ಆಗಲ್ಲ ಅನ್ನು.

ಒಂದೇ ಒಂದು ಸಾಲಿನ ತಪಾಸಣೆ ಇದರಲ್ಲಿ ವಿಶೇಷ. ವೇರಿಯಬಲ್‌ಗೆ ಏನನ್ನಾದರೂ ಕಟ್ಟುವ ಮೊದಲು, ಅದೇ ವೇರಿಯಬಲ್ ಆ ಗುಚ್ಛದ ಒಳಗೆ ಕೂತಿದೆಯಾ ಅಂತ ನೋಡಬೇಕು. ಅಕರ್ಸ್ ಚೆಕ್ ಅಂತ ಹೆಸರು. ಇದಕ್ಕೆ ಸಮಯ ಹಿಡಿಯುತ್ತದೆ, ಹಾಗಾಗಿ ಪ್ರೊಲಾಗ್ ಸಾಮಾನ್ಯವಾಗಿ ಇದನ್ನು ಮಾಡುವುದೇ ಇಲ್ಲ. ಬೇಕಾದವರು ಬೇರೆಯೇ ಆಜ್ಞೆ ಕೊಟ್ಟು ಮಾಡಿಸಿಕೊಳ್ಳಬೇಕು. ಬಿಟ್ಟರೆ ಏನಾಗುತ್ತದೆ ನೋಡೋಣ ಅಂತ ನನ್ನ ಪ್ರೂವರ್‌ನಲ್ಲಿ ಒಂದು ಸ್ವಿಚ್ ಇಟ್ಟು, ಬೇಕಂತಲೇ ಆಫ್ ಮಾಡಿದೆ. ಕೇಳಿದ ಮಾತು ಇದು: ‘ಎಲ್ಲರಿಗೂ ತಾಯಿಯಾದ ಒಬ್ಬಳು ಇದ್ದಾಳೆ.’

ಪ್ರತಿಯೊಬ್ಬರಿಗೂ ತಾಯಿ ಇದ್ದಾಳೆ ಅನ್ನುವುದರಿಂದ ಇದು ಬರುವುದಿಲ್ಲ. ‘ಎಲ್ಲಾ’, ‘ಇದೆ’ ಜಾಗ ಅದಲು ಬದಲಾಗಿವೆ, ಅಷ್ಟೇ ಸಾಕು ಅರ್ಥ ಪೂರ್ತಿ ಬೇರೆ. ಪ್ರೂವರ್ ಕೆಲಸ ಮಾಡುವುದು ಉಲ್ಟಾ ದಾರಿಯಲ್ಲಿ. ಮಾತನ್ನು ಅಲ್ಲಗಳೆದು ಸೇರಿಸಿ, ವಿರೋಧ ಬರುತ್ತದಾ ನೋಡುತ್ತದೆ. ಅಲ್ಲಗಳೆದಾಗ ಸಿಗುವ ಕ್ಲಾಝ್ (¬ ಅಂದರೆ ‘ಅಲ್ಲ’):

¬ತಾಯಿ(?ಗ, ಸ3(?ಗ))

ಅಂದರೆ ಯಾರನ್ನೇ ತೆಗೆದುಕೊಳ್ಳಿ, ಅವರು ಯಾರಿಗೆ ತಾಯಿಯಲ್ಲವೋ ಅಂಥ ಒಬ್ಬರು ಇದ್ದಾರೆ. ಇದನ್ನು ತಾಯಿ(ಸ1(?ಕ), ?ಕ) ಜೊತೆ ಹೊಂದಿಸಿ. ಮೊದಲ ಜಾಗದಿಂದ ?ಗ = ಸ1(?ಕ). ಎರಡನೆಯ ಜಾಗದಿಂದ ?ಕ = ಸ3(?ಗ), ಅಂದರೆ ?ಕ = ಸ3(ಸ1(?ಕ)). ?ಕ ತನ್ನ ಒಳಗೆ ತಾನೇ ಇದೆ. ತಪಾಸಣೆ ಆನ್ ಇದ್ದರೆ ಇಲ್ಲಿಗೆ ನಿಲ್ಲುತ್ತದೆ. ಆಫ್ ಇದ್ದರೆ ಪ್ರೂವರ್ ಸಂತೋಷದಿಂದ ‘ಹೌದು, ಜಗತ್ತಿಗೆಲ್ಲ ಒಬ್ಬಳೇ ತಾಯಿ’ ಅಂತ ಸಾಧಿಸಿಕೊಡುತ್ತದೆ! ಸ3ರ ಒಳಗೆ ?ಗ ಹಾಕಿದ್ದಕ್ಕೆ, ಮತ್ತು ಈ ಒಂದು ಸಾಲಿನ ತಪಾಸಣೆ ಇದ್ದದ್ದಕ್ಕೆ ಮಾತ್ರ ನಾವು ಉಳಿದುಕೊಂಡೆವು. ಸ್ವಿಚ್ಚನ್ನು ಆಮೇಲೆ ಕೋಡ್‌ನಿಂದಲೇ ಕಿತ್ತುಹಾಕಿದೆ.

ಇದೇ ಯೂನಿಫಿಕೇಷನ್ ಹ್ಯಾಸ್ಕೆಲ್, ರಸ್ಟ್ ತರಹದ ಭಾಷೆಗಳ ಕಂಪೈಲರ್ ಒಳಗೂ ಕೂತಿದೆ. ನೀವು ಟೈಪ್ (ಬೆಲೆ ಯಾವ ಬಗೆಯದು ಅನ್ನುವುದು) ಬರೆಯದಿದ್ದರೂ ಕಂಪೈಲರ್ ಊಹಿಸುತ್ತದಲ್ಲ, ಅದು ಈ ಕೆಲಸವೇ. ಹ್ಯಾಸ್ಕೆಲ್ ಕೆಲವೊಮ್ಮೆ ‘ಕೊನೆಯಿಲ್ಲದ ಟೈಪ್ ಕಟ್ಟಲಾರೆ’ ಅಂತ ಗೊಣಗುತ್ತದೆ. ಅದು ಅಕರ್ಸ್ ಚೆಕ್ ಮಾತಾಡುತ್ತಿರುವುದು.

ಅಜ್ಜಿಯ ಪುರಾವೆ

ರೆಸಲ್ಯೂಷನ್ ನಿಯಮ ಒಂದೇ. ಒಂದು ಕ್ಲಾಝ್‌ನಲ್ಲಿ ಒಂದು ಮಾತಿದೆ, ಇನ್ನೊಂದರಲ್ಲಿ ಅದರ ‘ಅಲ್ಲ’ ಇದೆ. ಯೂನಿಫೈ ಮಾಡಿ ಎರಡನ್ನೂ ಹೊಡೆದುಹಾಕಿ, ಉಳಿದದ್ದನ್ನು ಸೇರಿಸಿ. ಕೊನೆಗೆ ಏನೂ ಉಳಿಯದ ಖಾಲಿ ಕ್ಲಾಝ್ ಬಂದರೆ ವಿರೋಧ ಸಿಕ್ಕಿತು ಅಂತ.

‘ಪ್ರತಿಯೊಬ್ಬರಿಗೂ ಅಜ್ಜಿ ಇದ್ದಾಳೆ’ ಅಂತ ಕೇಳಿದಾಗ ಬಂದ ಔಟ್‌ಪುಟ್ ಇದು, ∨ ಅಂದರೆ ‘ಅಥವಾ’ (ತಾಯಿಯ ತಾಯಿಯನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡಿದ್ದೇನೆ, ಅಪ್ಪನ ಕಡೆಯವರು ಕ್ಷಮಿಸಿ):

1. ತಾಯಿ(ಸ1(?ಕ), ?ಕ)
2. ¬ತಾಯಿ(?ಕ, ?ಗ) ∨ ¬ತಾಯಿ(?ಗ, ?ಚ) ∨ ಅಜ್ಜಿ(?ಕ, ?ಚ)
3. ¬ಅಜ್ಜಿ(?ಗ, ಸ2) — ಪ್ರಶ್ನೆಯ ಅಲ್ಲಗಳೆದ ರೂಪ
4. ¬ತಾಯಿ(?ಕ, ?ಗ) ∨ ¬ತಾಯಿ(?ಗ, ಸ2) — 3 ಮತ್ತು 2ರಿಂದ
5. ¬ತಾಯಿ(?ಕ, ಸ1(ಸ2)) — 4 ಮತ್ತು 1ರಿಂದ
6. ಖಾಲಿ — 5 ಮತ್ತು 1ರಿಂದ

ಸ2 ಅಂದರೆ ‘ಅಜ್ಜಿಯೇ ಇಲ್ಲದ ಆ ಒಬ್ಬ ವ್ಯಕ್ತಿ’. ಆರನೆಯ ಹೆಜ್ಜೆಯಲ್ಲಿ ?ಕಗೆ ಕಟ್ಟಿದ ಬೆಲೆ ಸ1(ಸ1(ಸ2)), ತಾಯಿಯ ತಾಯಿ. ಅಜ್ಜಿ ಇದ್ದಾಳೆ ಅಂತ ಹೇಳಿದ್ದಲ್ಲದೆ ಯಾರು ಅಂತಲೂ ತೋರಿಸಿತು. ಈ ಬೆಲೆಯನ್ನು ಹೊರತೆಗೆಯುವ ಸರಳ ಉಪಾಯವನ್ನು ಕಾರ್ಡೆಲ್ ಗ್ರೀನ್ 1969ರಲ್ಲೇ ಕೊಟ್ಟಿದ್ದರು: ಅಲ್ಲಗಳೆದ ಪ್ರಶ್ನೆಗೆ ‘ಉತ್ತರ(?ಗ)’ ಅಂತ ಒಂದು ಬಾಲ ಅಂಟಿಸಿಬಿಡಿ. ಪುರಾವೆ ಮುಗಿದಾಗ ಆ ಬಾಲ ಮಾತ್ರ ಉಳಿಯುತ್ತದೆ, ಅದರೊಳಗೆ ಉತ್ತರ ಇರುತ್ತದೆ. ಹೀಗೆ ಪುರಾವೆ ಹುಡುಕುವುದೇ ಲೆಕ್ಕ ಮಾಡುವುದೂ ಆಗುತ್ತದೆ. 1972ರ ಸುಮಾರಿಗೆ ಮಾರ್ಸೇಯ್‌ನಲ್ಲಿ ಅಲೇನ್ ಕೋಲ್ಮೆರೋವರ್ ತಂಡ ಕಟ್ಟಿದ ಪ್ರೊಲಾಗ್ ಪೂರ್ತಿ ನಿಂತಿರುವುದು ಇದೇ ಯೋಚನೆಯ ಮೇಲೆ.

ಐದನೆಯ ಮತ್ತು ಮೊದಲನೆಯ ಸಾಲನ್ನು ಮತ್ತೊಮ್ಮೆ ನೋಡಿ. ಎರಡರಲ್ಲೂ ?ಕ ಇದೆ, ಆದರೆ ಒಂದಕ್ಕೊಂದು ಸಂಬಂಧ ಇಲ್ಲ. ಹೆಸರು ಬದಲಾಯಿಸದೆ ಹಾಗೇ ಹೊಂದಿಸಿದರೆ ?ಕ = ಸ1(?ಕ) ಆಗಿ ಅಕರ್ಸ್ ಚೆಕ್ ತಡೆಯುತ್ತದೆ, ಇರುವ ಪುರಾವೆ ತಪ್ಪಿಹೋಗುತ್ತದೆ. ಆದ್ದರಿಂದ ಪ್ರತಿ ಸಲ ಹೊಂದಿಸುವ ಮೊದಲು ಒಂದು ಕ್ಲಾಝ್‌ನ ವೇರಿಯಬಲ್‌ಗಳಿಗೆಲ್ಲ ಹೊಸ ನಂಬರ್ ಕೊಡಬೇಕು.

ಕ್ಷೌರಿಕ ಕಲಿಸಿದ್ದು

ರಸೆಲ್ ಹೆಸರಿನ ಜೊತೆ ಓಡಾಡುವ ಹಳೆ ಒಗಟು: ತನಗೆ ತಾನೇ ಕ್ಷೌರ ಮಾಡಿಕೊಳ್ಳದ ಎಲ್ಲರಿಗೂ, ಅವರಿಗೆ ಮಾತ್ರ, ಕ್ಷೌರ ಮಾಡುವ ಕ್ಷೌರಿಕ ಒಬ್ಬ ಊರಲ್ಲಿದ್ದಾನೆ. ಅವನಿಗೆ ಯಾರು ಮಾಡುತ್ತಾರೆ? ಇಂಥವನು ಇರಲು ಸಾಧ್ಯವೇ ಇಲ್ಲ. ಅವನನ್ನು ‘ಬ’ ಅಂತ ಕರೆದರೆ ಎರಡು ಕ್ಲಾಝ್:

ಕ್ಷೌರ(ಬ, ?ಕ) ∨ ಕ್ಷೌರ(?ಕ, ?ಕ)
¬ಕ್ಷೌರ(ಬ, ?ಕ) ∨ ¬ಕ್ಷೌರ(?ಕ, ?ಕ)

ಇಷ್ಟು ಚಿಕ್ಕ ಸಮಸ್ಯೆ, ಆದರೂ ಬರೀ ರೆಸಲ್ಯೂಷನ್‌ಗೆ ಇದು ಬಗ್ಗುವುದಿಲ್ಲ. ಕಾರಣ ಬರೀ ಎಣಿಕೆ. ಎರಡು ಮಾತಿನ ಎರಡು ಕ್ಲಾಝ್ ಸೇರಿಸಿ ಒಂದೊಂದು ಹೊಡೆದುಹಾಕಿದರೆ ಉಳಿಯುವುದು ಎರಡು. ಎಷ್ಟು ಸಲ ಮಾಡಿದರೂ ಎರಡೇ. ಖಾಲಿ ಯಾವತ್ತೂ ಬರಲ್ಲ. ಒಂದೇ ಕ್ಲಾಝ್‌ನ ಒಳಗಿನ ಎರಡು ಮಾತುಗಳನ್ನು ಯೂನಿಫೈ ಮಾಡಿ ಒಂದಾಗಿಸುವ ಹೆಜ್ಜೆ ಬೇಕು. ಅದೇ ಫ್ಯಾಕ್ಟರಿಂಗ್. ?ಕ ಜಾಗಕ್ಕೆ ಬ ಹಾಕಿದರೆ ಮೊದಲನೆಯದು ಕ್ಷೌರ(ಬ, ಬ), ಎರಡನೆಯದು ¬ಕ್ಷೌರ(ಬ, ಬ). ಮುಗಿಯಿತು. ಹೊಸದಾಗಿ ಪ್ರೂವರ್ ಬರೆಯುವವರಿಗೆ ಮೊದಲ ಟೆಸ್ಟ್ ಆಗಿ ಇದನ್ನೇ ಇಡಿ ಅನ್ನುತ್ತೇನೆ. ‘ಎಲ್ಲ ಮನುಷ್ಯರೂ ಸಾಯುತ್ತಾರೆ, ಸಾಕ್ರಟೀಸ್ ಮನುಷ್ಯ’ ಯಾವ ಅರೆಬೆಂದ ಪ್ರೂವರ್‌ನಲ್ಲೂ ಪಾಸಾಗುತ್ತದೆ.

ಬೆಕ್ಕಿನ ವಂಶಾವಳಿ

ಇಲ್ಲಿಯವರೆಗೆ ಕೇಳಿದ್ದು ಬಹುಪಾಲು ನಿಜವಾದ ಮಾತುಗಳನ್ನು. ಹೊರಡದ ಮಾತನ್ನು ಕೇಳಿದರೆ? ಎರಡು ಸಾಲು ಕೊಟ್ಟೆ. ಲಲಿತಾ ಒಬ್ಬ ವ್ಯಕ್ತಿ. ಯಾರ ತಾಯಿ ವ್ಯಕ್ತಿಯೋ ಅವರೂ ವ್ಯಕ್ತಿ:

ವ್ಯಕ್ತಿ(ಲಲಿತಾ)
¬ವ್ಯಕ್ತಿ(ಸ1(?ಕ)) ∨ ವ್ಯಕ್ತಿ(?ಕ)

ಪ್ರಶ್ನೆ: ಬೆಕ್ಕು ವ್ಯಕ್ತಿಯೇ? ಪ್ರೂವರ್ ಬೆಕ್ಕಿನ ತಾಯಿ ವ್ಯಕ್ತಿಯಾ ಅಂತ ನೋಡಿತು. ಗೊತ್ತಿಲ್ಲ, ಹಾಗಾದರೆ ತಾಯಿಯ ತಾಯಿ? ಅವಳ ತಾಯಿ? ಸ1(ಸ1(ಸ1(ಬೆಕ್ಕು))) ಅಂತ ಸಾಲುಗಳು ಪರದೆ ದಾಟಿ ಓಡಿದವು. ಕೊನೆಗೆ ನಿಲ್ಲಿಸಿದ್ದು ಲಾಜಿಕ್ ಅಲ್ಲ, ಪೈಥಾನ್. ಅದರಲ್ಲಿ ಒಂದರೊಳಗೊಂದು ಕರೆಯುವ ಆಳಕ್ಕೆ ಸಾಮಾನ್ಯವಾಗಿ 1000ದ ಮಿತಿ ಇದೆ. ಅಷ್ಟು ತಲೆಮಾರು ಹಿಂದೆ ಹೋಗುವ ಹೊತ್ತಿಗೆ ಎರರ್ ಕೊಟ್ಟು ಕೂತಿತು. ಮಿತಿ ಏರಿಸಿದರೆ ಇನ್ನಷ್ಟು ತಲೆಮಾರು, ಅಷ್ಟೇ.

ನಾವು ನೋಡಿದ ಕೂಡಲೇ ‘ಇದು ಮುಗಿಯಲ್ಲ’ ಅನ್ನುತ್ತೇವೆ. ಈ ಒಂದು ಮಾದರಿಯನ್ನು ಪ್ರೋಗ್ರಾಂಗೂ ಹೇಳಿಕೊಡಬಹುದು. ಆದರೆ ಎಲ್ಲ ಮಾದರಿಗಳನ್ನೂ ಹಿಡಿಯುವ ಉಪಾಯ ಇಲ್ಲ, ಮುಂದೆ ಸಿಗುವುದೂ ಇಲ್ಲ. ತರ್ಕಶಾಸ್ತ್ರಜ್ಞ ಗೋಡೆಲ್ 1929ರ ತಮ್ಮ ಪ್ರಬಂಧದಲ್ಲಿ ತೋರಿಸಿದ್ದು ಸಂತೋಷದ ಸುದ್ದಿ: ಈ ಲಾಜಿಕ್‌ನಲ್ಲಿ ಒಂದು ಮಾತು ನಿಜಕ್ಕೂ ಹೊರಡುತ್ತದೆ ಅಂತಾದರೆ ಅದಕ್ಕೆ ಪುರಾವೆ ಇದ್ದೇ ಇದೆ. ಚರ್ಚ್ ಮತ್ತು ಟ್ಯೂರಿಂಗ್ 1936ರಲ್ಲಿ ಬೇರೆ ಬೇರೆಯಾಗಿ ತೋರಿಸಿದ್ದು ಇನ್ನೊಂದು ಮುಖ: ಹೊರಡುತ್ತದೋ ಇಲ್ಲವೋ ಅಂತ ಪ್ರತಿ ಸಲವೂ ನಿಂತು ಹೇಳುವ ಯಂತ್ರ ಸಾಧ್ಯವಿಲ್ಲ. ಹಾಗಾಗಿ ನನ್ನ ಪ್ರೂವರ್ ಮೂರು ಉತ್ತರ ಕೊಡುತ್ತದೆ. ಪುರಾವೆ ಸಿಕ್ಕರೆ ‘ಹೌದು’. ಹೊಸ ಕ್ಲಾಝ್ ಯಾವುದೂ ಹುಟ್ಟದೆ ಕೆಲಸ ತಾನಾಗಿ ಖಾಲಿಯಾದರೆ ‘ಹೊರಡುವುದಿಲ್ಲ’. ಟೈಮ್ ಮುಗಿದರೆ ‘ಗೊತ್ತಿಲ್ಲ’. ಮೂರನೆಯದನ್ನು ಎರಡನೆಯದರ ಜೊತೆ ಸೇರಿಸಿಬಿಟ್ಟರೆ ಪ್ರೂವರ್ ಸುಳ್ಳುಬುರುಕ ಆಗುತ್ತದೆ.

‘ಹೊರಡುವುದಿಲ್ಲ’ ಅಂದರೆ ‘ಸುಳ್ಳು’ ಅಂತಲೂ ಅಲ್ಲ. ಬೆಕ್ಕು ವ್ಯಕ್ತಿಯಲ್ಲ ಅಂತ ನಾನು ಎಲ್ಲೂ ಹೇಳಿಲ್ಲವಲ್ಲ. ಡೇಟಾಬೇಸ್‌ನವರು ಇಲ್ಲಿ ಬೇರೆ ದಾರಿ ಹಿಡಿಯುತ್ತಾರೆ. ಟೇಬಲ್‌ನಲ್ಲಿ ಇಲ್ಲದ್ದು ಇಲ್ಲವೇ ಇಲ್ಲ ಅಂತ ಅವರ ಲೆಕ್ಕ. ಡೇಟಾಲಾಗ್ ಅನ್ನುವ ಪುಟ್ಟ ಭಾಷೆ ಸ1 ತರಹದ ಫಂಕ್ಷನ್‌ಗಳನ್ನೇ ಬಿಟ್ಟುಬಿಡುತ್ತದೆ. ಇರುವ ಹೆಸರುಗಳು ಎಣಿಕೆಗೆ ಸಿಗುವಷ್ಟೇ ಆದ್ದರಿಂದ ಯಾವತ್ತೂ ನಿಂತೇ ನಿಲ್ಲುತ್ತದೆ. ಡೇಟಾಬೇಸ್‌ಗೆ ಪ್ರಶ್ನೆ ಕೇಳುವ ಭಾಷೆ ಎಸ್‌ಕ್ಯುಎಲ್ ಬರೆಯುವವರು ‘ಎಲ್ಲ ಕೋರ್ಸ್ ಮುಗಿಸಿದ ವಿದ್ಯಾರ್ಥಿಗಳು’ ಅಂತ ಹುಡುಕಲು ‘ಮುಗಿಸದ ಕೋರ್ಸ್ ಒಂದೂ ಇಲ್ಲದವರು’ ಅಂತ ಸುತ್ತಿಬಳಸಿ ಬರೆಯುತ್ತಾರಲ್ಲ, ಅದು ‘ಎಲ್ಲಾ’ವನ್ನು ಎರಡು ‘ಅಲ್ಲ’ ಮತ್ತು ಒಂದು ‘ಇದೆ’ಯಿಂದ ಕಟ್ಟಿದ್ದು. 1970ರಲ್ಲಿ ಇ. ಎಫ್. ಕಾಡ್ ರಿಲೇಷನಲ್ ಡೇಟಾಬೇಸ್‌ಗೆ ಅಡಿಪಾಯ ಹಾಕಿದ್ದು ಇದೇ ಲಾಜಿಕ್ ಮೇಲೆ.

ತೋಳ, ನರಿ, ಬಸವನಹುಳು

ಆಟದ ಸಮಸ್ಯೆ ಬಿಟ್ಟು ಭಾರ ಹೊರಿಸೋಣ ಅಂತ ತೆಗೆದುಕೊಂಡದ್ದು ಲೆನ್‌ಹಾರ್ಟ್ ಶೂಬರ್ಟ್ 1978ರಲ್ಲಿ ಕೊಟ್ಟ ‘ಸ್ಟೀಮ್‌ರೋಲರ್’. ತೋಳ, ನರಿ, ಹಕ್ಕಿ, ಕಂಬಳಿಹುಳು, ಬಸವನಹುಳು ಎಲ್ಲ ಪ್ರಾಣಿಗಳು. ಧಾನ್ಯ ಅನ್ನುವುದು ಸಸ್ಯ. ಪ್ರತಿ ಪ್ರಾಣಿಯೂ ಒಂದೋ ಎಲ್ಲ ಸಸ್ಯ ತಿನ್ನುತ್ತದೆ, ಇಲ್ಲವೇ ತನಗಿಂತ ತೀರಾ ಚಿಕ್ಕದಾದ, ಯಾವುದಾದರೂ ಸಸ್ಯ ತಿನ್ನುವ ಪ್ರಾಣಿಗಳನ್ನೆಲ್ಲ ತಿನ್ನುತ್ತದೆ. ಹುಳುಗಳೆರಡೂ ಹಕ್ಕಿಗಿಂತ, ಹಕ್ಕಿ ನರಿಗಿಂತ, ನರಿ ತೋಳಕ್ಕಿಂತ ತೀರಾ ಚಿಕ್ಕವು. ತೋಳ ನರಿಯನ್ನೂ ತಿನ್ನಲ್ಲ, ಧಾನ್ಯವನ್ನೂ ತಿನ್ನಲ್ಲ. ಹಕ್ಕಿ ಕಂಬಳಿಹುಳು ತಿನ್ನುತ್ತದೆ, ಬಸವನಹುಳು ತಿನ್ನಲ್ಲ. ಹುಳುಗಳೆರಡೂ ಯಾವುದೋ ಸಸ್ಯ ತಿನ್ನುತ್ತವೆ. ಧಾನ್ಯ ತಿನ್ನುವ ಪ್ರಾಣಿಯನ್ನು ತಿನ್ನುವ ಪ್ರಾಣಿ ಇದೆ ಅಂತ ಸಾಧಿಸಬೇಕು.

ಕಾಗದದ ಮೇಲೆ ಇದು ಚಿಕ್ಕದು. ಹಕ್ಕಿ ಬಸವನಹುಳು ತಿನ್ನಲ್ಲ, ಹಾಗಾದರೆ ಅದು ಎಲ್ಲ ಸಸ್ಯ ತಿನ್ನುವ ಜಾತಿ, ಧಾನ್ಯವನ್ನೂ ತಿನ್ನುತ್ತದೆ. ತೋಳ ಧಾನ್ಯ ತಿನ್ನಲ್ಲ, ಹಾಗಾದರೆ ಸಸ್ಯ ತಿನ್ನುವ ಚಿಕ್ಕ ಪ್ರಾಣಿಗಳನ್ನೆಲ್ಲ ತಿನ್ನಬೇಕು. ನರಿಯನ್ನು ತಿನ್ನುತ್ತಿಲ್ಲ ಅಂದರೆ ನರಿ ಸಸ್ಯವನ್ನೇ ತಿನ್ನಲ್ಲ. ಸಸ್ಯ ತಿನ್ನದ ನರಿ ಹಕ್ಕಿಯನ್ನು ತಿನ್ನಲೇಬೇಕು. ಯಂತ್ರಕ್ಕೆ ಮಾತ್ರ ಇದು ನರಕ. ಆ ‘ಒಂದೋ, ಇಲ್ಲವೇ’ ನಿಯಮ ಒಂದೇ ಕ್ಲಾಝ್ ಆದಾಗ 8 ಮಾತು, 4 ವೇರಿಯಬಲ್. ಅದು ಯಾವುದರ ಜೊತೆ ಬೇಕಾದರೂ ಅಂಟಿಕೊಂಡು ಮರಿ ಹಾಕುತ್ತದೆ.

ಮೊದಲಿನ ರೂಪದಲ್ಲಿ ಪ್ರೂವರ್ ಮೆಮೊರಿ ತಿಂದು ತಿಂದು ಲ್ಯಾಪ್‌ಟಾಪ್ ಫ್ಯಾನ್ ಊಳಿಡುವ ಹಾಗೆ ಮಾಡಿತು. ಉತ್ತರ ಬರಲಿಲ್ಲ. ಯೂನಿಫಿಕೇಷನ್ ವೇಗ ಮಾಡಿದರೆ ಏನೂ ಉಪಯೋಗವಿಲ್ಲ ಅಂತ ಅಲ್ಲೇ ತಿಳಿಯಿತು. ಬೇಡದ್ದನ್ನು ಹುಟ್ಟಿಸದೇ ಇರುವುದು ಮುಖ್ಯ. ಅದಕ್ಕೆ ಸೇರಿಸಿದ್ದರಲ್ಲಿ ಒಂದು, ಪ್ರಶ್ನೆಯಿಂದ ಹುಟ್ಟಿದ ಕ್ಲಾಝ್ ಕನಿಷ್ಠ ಒಂದಾದರೂ ಇಲ್ಲದೆ ಯಾವ ಜೋಡಿಯನ್ನೂ ಮುಟ್ಟದಿರುವುದು. ವೋಸ್, ಜಾರ್ಜ್ ರಾಬಿನ್ಸನ್ (ಮೇಲೆ ಬಂದ ಜೆ. ಎ. ರಾಬಿನ್ಸನ್ ಅಲ್ಲ), ಕಾರ್ಸನ್ 1965ರಲ್ಲೇ ಹೇಳಿದ ಉಪಾಯ ಇದು. ಇನ್ನೊಂದು ಸಬ್‌ಸಂಪ್ಷನ್. ವ್ಯಕ್ತಿ(?ಕ) ಗೊತ್ತಿದ್ದರೆ ವ್ಯಕ್ತಿ(ಲಲಿತಾ) ಇಟ್ಟುಕೊಂಡು ಏನು ಮಾಡುವುದು, ಎಸೆಯಬೇಕು. ಆಮೇಲೆ ಸರದಿ. ಐದರಲ್ಲಿ ನಾಲ್ಕು ಸಲ ಅತಿ ಚಿಕ್ಕ ಕ್ಲಾಝ್ ತೆಗೆದುಕೊಳ್ಳುವುದು, ಒಂದು ಸಲ ಅತಿ ಹಳೆಯದನ್ನು. ಯಾವಾಗಲೂ ಚಿಕ್ಕದನ್ನೇ ತೆಗೆದರೆ ಪುರಾವೆಗೆ ಬೇಕಾದ ದಪ್ಪ ಕ್ಲಾಝ್ ಮೂಲೆಯಲ್ಲಿ ಕೊಳೆಯುತ್ತಾ ಕೂರಬಹುದು. ಮೂರರಲ್ಲಿ ಜಾಸ್ತಿ ಫಲ ಕೊಟ್ಟದ್ದು ಸಬ್‌ಸಂಪ್ಷನ್. ಬರೆಯಲು ಬೇಜಾರಿನ ಕೆಲಸ, ಆದರೆ ಅದಿಲ್ಲದೆ ಉಳಿದೆರಡೂ ಸುಮಾರು.

ಇಷ್ಟಾದ ಮೇಲೆ ಉತ್ತರ(ನರಿ, ಹಕ್ಕಿ) ಅಂತ ಬಂತು.

ಸಮ ಚಿಹ್ನೆ ಬಾಕಿ

ಈಗ ಇಲ್ಲದೇ ಇರುವುದು ‘ಸಮ’. ‘ಒಬ್ಬರಿಗೆ ಒಬ್ಬಳೇ ತಾಯಿ’ ಅನ್ನಬೇಕಾದರೆ ¬ತಾಯಿ(?ಗ, ?ಕ) ∨ ¬ತಾಯಿ(?ಚ, ?ಕ) ∨ ?ಗ = ?ಚ ಅಂತ ಬರೆಯಬೇಕು. ಸರೋಜಾ ಲಲಿತಾಳ ತಾಯಿ ಅಂತ ಹೇಳಿದ್ದರೂ ನನ್ನ ಪ್ರೂವರ್‌ಗೆ ಸರೋಜಾ ಬೇರೆ, ಸ1(ಲಲಿತಾ) ಬೇರೆ. ಯೂನಿಫಿಕೇಷನ್ ನೋಡುವುದು ರೂಪವನ್ನು, ಇಬ್ಬರೂ ಒಬ್ಬಳೇ ಅನ್ನುವುದು ಅದಕ್ಕೆ ಕಾಣುವುದಿಲ್ಲ. ‘ಸಮ’ವನ್ನೂ ‘ತಾಯಿ’, ‘ಅಜ್ಜಿ’ ತರಹದ ಒಂದು ಮಾಮೂಲಿ ಪ್ರೆಡಿಕೇಟ್ ಮಾಡಿ, ಅದರ ನಿಯಮಗಳನ್ನು ಕ್ಲಾಝ್ ಆಗಿ ಸೇರಿಸಿ ನೋಡಿದೆ. ‘ಅದು ಇದಕ್ಕೆ ಸಮ, ಇದು ಮತ್ತೊಂದಕ್ಕೆ ಸಮ, ಹಾಗಾಗಿ ಅದು ಮತ್ತೊಂದಕ್ಕೆ ಸಮ’ ಅನ್ನುವ ಒಂದು ಕ್ಲಾಝ್ ಸಾಕು, ಸ್ಟೀಮ್‌ರೋಲರ್ ಕೂಡ ಸಪ್ಪೆ ಅನ್ನಿಸುವಷ್ಟು ಕಸ ಹುಟ್ಟುತ್ತದೆ.

ಇದಕ್ಕೆ ಪ್ಯಾರಾಮಾಡ್ಯುಲೇಷನ್ ಅಂತ ಬೇರೆಯೇ ನಿಯಮ ಇದೆ. ಸಮ ಅಂತ ಗೊತ್ತಿರುವುದನ್ನು ನೇರವಾಗಿ ಇನ್ನೊಂದರ ಜಾಗಕ್ಕೆ ಹಾಕುವುದು, ಆ ಜಾಗವನ್ನು ಹುಡುಕಲು ಮತ್ತೆ ಅದೇ ಯೂನಿಫಿಕೇಷನ್. ಬೂಲಿಯನ್ ಬೀಜಗಣಿತಕ್ಕೆ ಸೇರಿದ ರಾಬಿನ್ಸ್ ಸಮಸ್ಯೆ 1930ರ ದಶಕದಿಂದ ಉತ್ತರ ಸಿಗದೆ ಉಳಿದಿತ್ತು. 1996ರಲ್ಲಿ ವಿಲಿಯಂ ಮೆಕ್‌ಕ್ಯೂನ್ ಅವರ ಇಕ್ಯೂಪಿ ಪ್ರೋಗ್ರಾಂ ಸುಮಾರು 8 ದಿನ ಓಡಿ ಅದನ್ನು ಬಿಡಿಸಿದ್ದು ಈ ಜಾತಿಯ ನಿಯಮಗಳಿಂದಲೇ. ಅದು ಪೂರ್ತಿ ಸಮ ಚಿಹ್ನೆಯ ಲೆಕ್ಕ. ನನ್ನದರಲ್ಲಿ ಸದ್ಯಕ್ಕೆ ಇನ್‌ಪುಟ್‌ನಲ್ಲಿ ಸಮ ಚಿಹ್ನೆ ಕಂಡರೆ ‘ಇದು ನನಗೆ ಬರಲ್ಲ’ ಅಂತ ಹೇಳಿ ನಿಲ್ಲುವ ಹಾಗೆ ಮಾಡಿದ್ದೇನೆ. ಮುಂದೆ ಬರೆಯಬೇಕಾದದ್ದು ಪ್ಯಾರಾಮಾಡ್ಯುಲೇಷನ್. ಅದಕ್ಕೂ ಮೊದಲು ಸಬ್‌ಸಂಪ್ಷನ್‌ಗೆ ಒಂದು ಇಂಡೆಕ್ಸ್ ಹಾಕಬೇಕು. ಈಗ ಪ್ರತಿ ಹೊಸ ಕ್ಲಾಝ್ ಬಂದಾಗ ಇರುವ ಎಲ್ಲವನ್ನೂ ಒಂದೊಂದಾಗಿ ನೋಡುತ್ತಿದೆ, ಸಮ ಚಿಹ್ನೆ ಬಂದ ಮೇಲೆ ಅದು ತಡೆಯಲ್ಲ.